ಚಿತ್ರದ ಕೆಳಗಿನ ಸಾಲನ್ನು ಓದದೆ ಮುಂದೆ ಹೋಗಬೇಡಿ

ಐವತ್ತು ರೂಪಾಯಿಯ ಹೊಸ ನೋಟನ್ನು ತಿರುಗಿಸಿದರೆ ಹಂಪಿಯ ಕಲ್ಲಿನ ರಥ ಕಾಣುತ್ತದೆ. 2017ರಲ್ಲಿ ಬಂದ ಈ ನೋಟಿನ ರಥಕ್ಕೆ ಶಿಖರವಿಲ್ಲ. ವಿಜಯವಿಠ್ಠಲ ದೇವಾಲಯದ ಅಂಗಳದಲ್ಲಿ ಇಂದು ನಿಂತಿರುವ ರಥವೂ ಹಾಗೆಯೇ ಇದೆ. ಆದರೆ 1856ರಲ್ಲಿ ಮದ್ರಾಸ್ ಸೈನ್ಯದ ಅಧಿಕಾರಿ ಅಲೆಕ್ಸಾಂಡರ್ ಗ್ರೀನ್‌ಲಾ ತೆಗೆದ ಫೋಟೊದಲ್ಲಿ ಅದೇ ರಥದ ನೆತ್ತಿಯ ಮೇಲೆ ಇಟ್ಟಿಗೆ ಗಾರೆಯ ಶಿಖರವಿದೆ. ನಾವು ಚಿಕ್ಕಂದಿನಿಂದ ಕ್ಯಾಲೆಂಡರಿನಲ್ಲಿ, ಪಠ್ಯಪುಸ್ತಕದಲ್ಲಿ, ಪ್ರವಾಸೋದ್ಯಮದ ಜಾಹೀರಾತಿನಲ್ಲಿ ನೋಡಿದ ರಥ ಅರ್ಧ ರಥ ಎಂಬುದು ಆ ಒಂದು ಫೋಟೊದಿಂದ ಗೊತ್ತಾಗುತ್ತದೆ.

ಹಳೆಯ ಫೋಟೊಗಳ ಪ್ರದರ್ಶನಕ್ಕೆ ಜನ ಹೋಗಬೇಕಾದದ್ದು ಇಂಥ ಅರಿವಿಗಾಗಿ. ಆದರೆ ಅಲ್ಲಿ ನಡೆಯುವುದೇ ಬೇರೆ. ಗೋಡೆಯ ಉದ್ದಕ್ಕೂ ಹೆಜ್ಜೆ ಹಾಕುತ್ತ ಒಂದೊಂದು ಚಿತ್ರಕ್ಕೂ ಕ್ಷಣಕಾಲ ಕಣ್ಣು ಕೊಟ್ಟು, ‘ಎಷ್ಟು ಚೆನ್ನಾಗಿದೆ’ ಎಂದು ಮೊಬೈಲಿನಲ್ಲಿ ಅದರದೇ ಇನ್ನೊಂದು ಫೋಟೊ ಹಿಡಿದು ಹೊರಬೀಳುತ್ತೇವೆ. ಯಾರು ತೆಗೆದರು, ಯಾತಕ್ಕೆ ತೆಗೆದರು, ಚಿತ್ರದೊಳಗೆ ನಿಂತವರು ಯಾರು, ಚೌಕಟ್ಟಿನ ಆಚೆ ಏನಿತ್ತು ಎಂದು ಕೇಳುವುದಿಲ್ಲ. ಪ್ರದರ್ಶನ ಏರ್ಪಡಿಸಿದವರೂ ಎಷ್ಟೋ ಸಲ ಅದನ್ನು ಹೇಳುವ ಗೋಜಿಗೆ ಹೋಗಿರುವುದಿಲ್ಲ.

ಸಿನಿಮಾ ನೋಡಿ ಬಂದವರು ಕಥೆ ಹೇಗಿತ್ತು, ನಟನೆ ಹೇಗಿತ್ತು ಎಂದು ಗಂಟೆಗಟ್ಟಲೆ ಚರ್ಚಿಸುತ್ತಾರೆ. ಬಯಲಾಟದ ಭೀಮನ ಪಾತ್ರ ಸರಿಯಾಗಲಿಲ್ಲವೆಂದು ನಮ್ಮ ಸಿರುಗುಪ್ಪ, ಕುರುಗೋಡು ಭಾಗದ ಹಳ್ಳಿಗಳಲ್ಲಿ ಬೆಳಗಾದ ಮೇಲೂ ವಾದ ನಡೆಯುತ್ತದೆ. ಅಂಥ ನುರಿತ ಪ್ರೇಕ್ಷಕರು ಫೋಟೊ ಪ್ರದರ್ಶನದ ಮುಂದೆ ಮಾತ್ರ ಮೌನವಾಗುವುದೇಕೆ? ಫೋಟೊ ಎಂದರೆ ಇದ್ದದ್ದನ್ನು ಇದ್ದ ಹಾಗೆ ಹಿಡಿದದ್ದು, ಅದರಲ್ಲಿ ವಿಮರ್ಶೆ ಮಾಡುವುದೇನಿದೆ ಎಂಬ ನಂಬಿಕೆ ಇದಕ್ಕೆ ಕಾರಣ. ಆ ನಂಬಿಕೆ ಪೂರ್ತಿ ನಿಜವಲ್ಲ.

ಖಾಲಿ ಬೀದಿ ಖಾಲಿಯಾಗಿರಲಿಲ್ಲ

1838ರಲ್ಲಿ ಲೂಯಿ ಡಾಗೆರ್ ಪ್ಯಾರಿಸ್ಸಿನ ತನ್ನ ಕಿಟಕಿಯಿಂದ ಕೆಳಗಿನ ಬೀದಿಯ ಚಿತ್ರ ತೆಗೆದ. ಅದು ಗಾಡಿ, ಕುದುರೆ, ಜನರಿಂದ ಗಿಜಿಗುಡುತ್ತಿದ್ದ ಬೀದಿ. ಚಿತ್ರದಲ್ಲಿ ಮಾತ್ರ ಅದು ಬಿಕೋ ಎನ್ನುತ್ತದೆ. ಒಂದು ಮೂಲೆಯಲ್ಲಿ ಬೂಟಿಗೆ ಪಾಲಿಶ್ ಹಾಕಿಸಿಕೊಳ್ಳುತ್ತ ನಿಂತ ಒಬ್ಬ ಮನುಷ್ಯ ಮಾತ್ರ ಸ್ಪಷ್ಟವಾಗಿ ಉಳಿದಿದ್ದಾನೆ. ಆಗಿನ ಕ್ಯಾಮೆರಾಕ್ಕೆ ಬೆಳಕು ಹೀರಿಕೊಳ್ಳಲು ಹಲವು ನಿಮಿಷ ಬೇಕಿತ್ತು. ನಡೆದಾಡಿದವರೆಲ್ಲ ಅಳಿಸಿಹೋದರು, ಕದಲದೆ ನಿಂತವನು ಉಳಿದ. ಫೋಟೊದಲ್ಲಿ ಕಾಣಿಸಿಕೊಂಡ ಮೊದಲ ಮನುಷ್ಯರಲ್ಲಿ ಅವನೊಬ್ಬ ಎನ್ನುತ್ತಾರೆ. ಅವನ ಹೆಸರು ಯಾರಿಗೂ ತಿಳಿಯದು. ಪಾಲಿಶ್ ಹಾಕುತ್ತಿದ್ದವನದೂ ತಿಳಿಯದು.

ಗ್ರೀನ್‌ಲಾನ ಹಂಪಿಯ ಚಿತ್ರಗಳನ್ನು ನೋಡುವಾಗ ಈ ಸಂಗತಿ ನೆನಪಿರಬೇಕು. ಆತ ಬಳಸಿದ್ದು ಮೇಣ ಹಚ್ಚಿದ ದೊಡ್ಡ ಕಾಗದದ ನೆಗೆಟಿವ್. ಬಿಸಿಲ ನಾಡಿನಲ್ಲಿ ಕಾಗದವನ್ನು ಹದಮಾಡಿ, ಭಾರವಾದ ಮರದ ಕ್ಯಾಮೆರಾವನ್ನು ಬಂಡೆಗಳ ನಡುವೆ ನಿಲ್ಲಿಸಿ, ನಿಮಿಷಗಟ್ಟಲೆ ಕಾಯಬೇಕಿತ್ತು. ಕಲ್ಲು ಕದಲುವುದಿಲ್ಲ, ಹಾಗಾಗಿ ಕಲ್ಲಿನ ಕೆತ್ತನೆ ಇಂದಿಗೂ ಬೆರಗುಗೊಳಿಸುವಷ್ಟು ಸ್ಪಷ್ಟವಾಗಿದೆ. ಮನುಷ್ಯ, ದನ, ಕುರಿ, ಗಾಳಿಗೆ ಆಡುವ ಎಲೆ ಇವು ಅಷ್ಟು ಹೊತ್ತು ನಿಲ್ಲುವುದಿಲ್ಲ. ಅಲ್ಲೊಬ್ಬ ಇಲ್ಲೊಬ್ಬ ಕಂಡರೆ ಅವರು ನಿಲ್ಲಲು ಹೇಳಿಸಿಕೊಂಡು ನಿಂತವರು, ಕಟ್ಟಡದ ಎತ್ತರ ತಿಳಿಯಲೆಂದು ಅಳತೆಗೋಲಿನ ಹಾಗೆ ಬಳಕೆಯಾದವರು.

ಈ ಮಾತನ್ನು ಪ್ರದರ್ಶನದ ಫಲಕ ಹೇಳದಿದ್ದರೆ ನೋಡುಗರ ಮನಸ್ಸಿನಲ್ಲಿ ಒಂದು ತಪ್ಪು ಚಿತ್ರ ಕೂರುತ್ತದೆ. ಹತ್ತೊಂಬತ್ತನೆಯ ಶತಮಾನದ ಹಂಪಿ ನಿರ್ಜನ ಹಾಳೂರು ಎಂದುಕೊಂಡು ಅವರು ಮನೆಗೆ ಹೋಗುತ್ತಾರೆ. ವಿರೂಪಾಕ್ಷನ ಪೂಜೆ ನಿಂತಿರಲಿಲ್ಲ, ಜಾತ್ರೆ ನಿಂತಿರಲಿಲ್ಲ, ಸುತ್ತಲಿನ ಹಳ್ಳಿಗಳಲ್ಲಿ ಜನ ಉಳುತ್ತ ಬಿತ್ತುತ್ತ ಇದ್ದರು. ಕ್ಯಾಮೆರಾದ ನಿಧಾನಗತಿ ಅವರನ್ನು ಒರೆಸಿಹಾಕಿತು. ಹಳೆಯ ಚಿತ್ರಗಳ ಪ್ರದರ್ಶನವನ್ನು ಅಳೆಯಲು ನನ್ನ ಮೊದಲ ಪ್ರಶ್ನೆ ಇದೇ: ಚಿತ್ರ ಹೇಗೆ ತಯಾರಾಯಿತು, ಆ ತಯಾರಿಕೆಯಲ್ಲಿ ಏನು ಬಿಟ್ಟುಹೋಯಿತು ಎಂದು ಅದು ಹೇಳುತ್ತದೆಯೇ?

ಯಾರ ಕಣ್ಣು, ಯಾರ ಖರ್ಚು

ಕರ್ನಾಟಕದ ಸ್ಮಾರಕಗಳ ಮೊದಲ ಫೋಟೊಗಳು ಬಹುಪಾಲು 1850ರ ದಶಕದವು. ಚಿತ್ರಗಾರರಿಂದ ಬರೆಸುವ ಬದಲು ಫೋಟೊ ತೆಗೆಸಿದರೆ ಬೇಗ ಆಗುತ್ತದೆ, ನಿಖರವಾಗಿಯೂ ಇರುತ್ತದೆ ಎಂದು ಈಸ್ಟ್ ಇಂಡಿಯಾ ಕಂಪನಿ ಆಗ ಮನಗಂಡಿತ್ತು. 1854ರ ಡಿಸೆಂಬರಿನಲ್ಲಿ ಲಿನೇಯಸ್ ಟ್ರೈಪ್ ಮತ್ತು ವೈದ್ಯ ಆಂಡ್ರ್ಯೂ ನೀಲ್ ಹಳೇಬೀಡು, ಬೇಲೂರುಗಳಲ್ಲಿ ಕ್ಯಾಮೆರಾ ಹೂಡಿದರು. 1855ರಲ್ಲಿ ಥಾಮಸ್ ಬಿಗ್ಸ್ ವಿಜಾಪುರ, ಬಾದಾಮಿ, ಐಹೊಳೆಗಳನ್ನು ಚಿತ್ರಿಸಿದ. ಬಿಗ್ಸ್, ನೀಲ್ ಮತ್ತು ಪಿಗೌ ಎಂಬ ಇನ್ನೊಬ್ಬ ಛಾಯಾಗ್ರಾಹಕನ ಚಿತ್ರಗಳು ‘ಆರ್ಕಿಟೆಕ್ಚರ್ ಇನ್ ಧಾರವಾರ್ ಅಂಡ್ ಮೈಸೂರ್’ ಎಂಬ ದೊಡ್ಡ ಸಂಪುಟವಾಗಿ 1866ರಲ್ಲಿ ಲಂಡನ್ನಿನಲ್ಲಿ ಪ್ರಕಟವಾದವು.

ಈ ಮಂದಿಯ ಶ್ರಮ ಸಣ್ಣದಲ್ಲ, ಅವರು ಬಿಟ್ಟುಹೋದ ದಾಖಲೆಗೆ ಬೆಲೆ ಕಟ್ಟಲಾಗದು. ಆದರೆ ಅವರು ಸೈನ್ಯದ, ಸರ್ಕಾರದ ನೌಕರರು. ಅವರ ಕಣ್ಣು ಹುಡುಕುತ್ತಿದ್ದುದು ಆಳುವ ದೇಶದ ಕಟ್ಟಡ, ಜಾತಿ, ವೇಷಭೂಷಣಗಳ ಪಟ್ಟಿಯನ್ನು. ಆ ಪಟ್ಟಿಯಲ್ಲಿ ಗುಡಿ ಕಟ್ಟಿದ ಶಿಲ್ಪಿಯ ವಂಶದವರಿಗೆ, ಗುಡಿಯ ಮುಂದೆ ಹೂ ಮಾರುವವರಿಗೆ ಜಾಗವಿರಲಿಲ್ಲ.

ಹೀಗೆ ನೋಡುವುದರ ಅತಿ ಕಠೋರ ರೂಪವನ್ನು ನಮ್ಮ ಬಳ್ಳಾರಿ ಸೀಮೆ ಕಂಡಿದೆ. 1876ರಿಂದ 78ರವರೆಗಿನ ಧಾತು, ಈಶ್ವರ ಸಂವತ್ಸರಗಳ ಬರ ಮದ್ರಾಸ್ ಪ್ರಾಂತವನ್ನು ಸುಟ್ಟಿತು. ಬಳ್ಳಾರಿ ಜಿಲ್ಲೆ ಅತಿ ಹೆಚ್ಚು ನೊಂದ ಜಿಲ್ಲೆಗಳಲ್ಲೊಂದು. ಲಂಡನ್ನಿನ ‘ದಿ ಗ್ರಾಫಿಕ್’ ವಾರಪತ್ರಿಕೆ 1877ರ ಅಕ್ಟೋಬರಿನಲ್ಲಿ ಈ ಜಿಲ್ಲೆಯ ಬರದ ಕೆತ್ತನೆ ಚಿತ್ರಗಳನ್ನು ಅಚ್ಚುಹಾಕಿತು. ಫೋಟೊವನ್ನು ನೇರವಾಗಿ ಪತ್ರಿಕೆಯಲ್ಲಿ ಅಚ್ಚುಹಾಕುವ ವಿದ್ಯೆ ಆಗಿನ್ನೂ ಬಳಕೆಗೆ ಬಂದಿರಲಿಲ್ಲ. ಒಂದು ಕೆತ್ತನೆಯಲ್ಲಿ ದಿಕ್ಕಿಲ್ಲದ ಇಬ್ಬರು ಮಕ್ಕಳಿದ್ದಾರೆ. ಅವರು ಯಾವ ಹಳ್ಳಿಯವರು, ಬದುಕಿ ಉಳಿದರೇ ಎಂಬ ಒಂದು ಸಾಲೂ ಎಲ್ಲಿಯೂ ಸಿಗುವುದಿಲ್ಲ.

ಅದೇ ಬರದಲ್ಲಿ ವಿಲ್ಲೊಬಿ ವ್ಯಾಲೇಸ್ ಹೂಪರ್ ಎಂಬ ಸೇನಾಧಿಕಾರಿ ಹಸಿದವರನ್ನು ಗುಂಪು ಗುಂಪಾಗಿ ಕೂರಿಸಿ ಫೋಟೊ ತೆಗೆದ. ಎಲುಬಿನ ಹಂದರವಾಗಿದ್ದ ಜನರನ್ನು ಕ್ಯಾಮೆರಾಕ್ಕೆ ಹೊಂದಿಸಿ ಕೂರಿಸಿದ್ದು ಚಿತ್ರ ನೋಡಿದೊಡನೆ ತಿಳಿಯುತ್ತದೆ. ಚಿತ್ರ ತೆಗೆದ, ಅವರಿಗೆ ಅನ್ನ ಕೊಡಲಿಲ್ಲ ಎಂಬ ಟೀಕೆ ಆ ಕಾಲದಲ್ಲೇ ಬಂತು. ಇದೇ ಹೂಪರ್ ಮುಂದೆ 1886ರಲ್ಲಿ ಬರ್ಮಾದ ಮಂಡಾಲೆಯಲ್ಲಿ ಕೈದಿಗಳನ್ನು ಗುಂಡಿಕ್ಕಿ ಕೊಲ್ಲುವ ಕ್ಷಣದ ಫೋಟೊ ತೆಗೆಯಲು ಹೋಗಿ ವಿಚಾರಣೆಗೆ ಗುರಿಯಾದ.

ಇಂಥ ಚಿತ್ರಗಳನ್ನು ಮ್ಯೂಸಿಯಂ ಗೋಡೆಗೆ ಹಾಕಬಾರದೆಂದು ನಾನು ಹೇಳುವುದಿಲ್ಲ. ಆ ಬರ ಇತ್ತು, ಆ ಜನ ಇದ್ದರು ಎಂಬುದಕ್ಕೆ ಅವೇ ಕಣ್ಣೆದುರಿನ ಸಾಕ್ಷಿ. ಆದರೆ ಹೂಪರನ ಚಿತ್ರವನ್ನು ಬರೀ ‘ಬರಗಾಲ, 1877’ ಎಂಬ ಚೀಟಿ ಹಚ್ಚಿ ತೂಗುಹಾಕುವ ಪ್ರದರ್ಶನ ಸತ್ತವರಿಗೆ ಇನ್ನೊಮ್ಮೆ ಅನ್ಯಾಯ ಮಾಡುತ್ತದೆ. ತೆಗೆದವನು ಯಾರು, ಎದುರಿಗೆ ಕೂತವರಿಗೆ ಬೇಡವೆನ್ನುವ ಶಕ್ತಿ ಇತ್ತೇ, ಈ ಚಿತ್ರ ಯಾರ ಆಲ್ಬಂ ಸೇರಿತು ಎಂಬುದನ್ನೂ ಬರೆದಾಗ ಮಾತ್ರ ಅದು ಇತಿಹಾಸವಾಗುತ್ತದೆ.

ಮೂಲ ಪ್ರತಿಯೋ, ಹೊಸ ಮುದ್ರಣವೋ

ಪ್ರದರ್ಶನದಲ್ಲಿ ನಾವು ನೋಡುವ ಹಳೆಯ ಚಿತ್ರ ನಿಜವಾಗಿ ಆ ಕಾಲದ ವಸ್ತುವೇ ಆಗಿರಬೇಕೆಂದಿಲ್ಲ. ಮೊಟ್ಟೆಯ ಬಿಳಿಲೋಳೆ ಸವರಿದ ಕಾಗದದ ಮೇಲೆ ಆ ದಿನಗಳಲ್ಲೇ ಮುದ್ರಿಸಿದ ಪ್ರತಿ ಇರಬಹುದು. ಹಳೆಯ ನೆಗೆಟಿವ್‌ನಿಂದ ನೂರು ವರ್ಷದ ನಂತರ ಮುದ್ರಿಸಿದ್ದಿರಬಹುದು. ಸ್ಕ್ಯಾನ್ ಮಾಡಿ ಫ್ಲೆಕ್ಸ್ ಗಾತ್ರಕ್ಕೆ ಹಿಗ್ಗಿಸಿದ ಪ್ರತಿಯೂ ಇರಬಹುದು. ಮೂರಕ್ಕೂ ಜಾಗವಿದೆ, ಆದರೆ ಯಾವುದು ಯಾವುದೆಂದು ಫಲಕ ಹೇಳಬೇಕು. ಅಂಗೈಯಗಲದ ಚಿತ್ರವನ್ನು ಆಳೆತ್ತರಕ್ಕೆ ಹಿಗ್ಗಿಸಿದಾಗ ಅದರ ಮಾತು ಬದಲಾಗುತ್ತದೆ. ಕೈಯಲ್ಲಿ ಹಿಡಿದು ನೋಡಲೆಂದು ಮಾಡಿದ ಚಿತ್ರ ಗೋಡೆಯ ಘೋಷಣೆಯಾಗಿಬಿಡುತ್ತದೆ.

ಮೂಲ ಪ್ರತಿಯನ್ನು ಇಟ್ಟಿದ್ದರೆ ಕೋಣೆ ಮಬ್ಬಾಗಿರುತ್ತದೆ. ಹಳೆಯ ಫೋಟೊಗಳ ಮೇಲೆ ಸುಮಾರು 50 ಲಕ್ಸ್‌ಗಿಂತ ಹೆಚ್ಚು ಬೆಳಕು ಬೀಳಬಾರದು ಎಂಬುದು ಜಗತ್ತಿನ ಮ್ಯೂಸಿಯಂಗಳು ಒಪ್ಪಿರುವ ಕ್ರಮ. ಹೆಚ್ಚು ಬೆಳಕು ಬಿದ್ದರೆ ಚಿತ್ರ ಹಳದಿಗಟ್ಟಿ ಮಾಸುತ್ತದೆ, ಹೋದ ಬಣ್ಣ ಮತ್ತೆ ಬರುವುದಿಲ್ಲ. ಆದ್ದರಿಂದ ಮಬ್ಬು ಕೋಣೆಯನ್ನು ಕಂಡು ದೀಪ ಸಾಲದೆಂದು ಬೇಸರಪಡಬಾರದು. ಮೂಲ ಚಿತ್ರದ ಮೇಲೆ ಕಿಟಕಿಯ ಬಿಸಿಲು ನೇರವಾಗಿ ಬೀಳುತ್ತಿದ್ದರೆ ಮಾತ್ರ ಸಂಬಂಧಪಟ್ಟವರಿಗೆ ತಿಳಿಸಲೇಬೇಕು.

ಮಾಸಿಹೋದ ಫೋಟೊದ ಬೆಲೆ ಏನೆಂದು ಬಳ್ಳಾರಿಯವರಿಗೆ ಹೊರಗಿನವರು ಹೇಳಿಕೊಡಬೇಕಿಲ್ಲ. ನಗರದ ಪಕ್ಕದ ಸಂಗನಕಲ್ಲು–ಕುಪ್ಪಗಲ್ಲು ಬೆಟ್ಟಗಳಲ್ಲಿ ಶಿಲಾಯುಗದ ಜನರ ನೆಲೆಯಿದೆ. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ 1872ರಲ್ಲಿ ಅದನ್ನು ಗುರುತಿಸಿದರು. ಅಲ್ಲಿನ ಕಪ್ಪು ಬಂಡೆಗಳ ಮೇಲೆ ಉದ್ದ ಕೊಂಬಿನ ದನಗಳು, ಮನುಷ್ಯರು ಕುಟ್ಟಿದ ಚಿತ್ರಗಳಾಗಿ ನಿಂತಿದ್ದಾರೆ. ಕಲ್ಲಿನಿಂದ ಬಡಿದರೆ ಗಂಟೆಯಂತೆ ನಾದ ಕೊಡುವ ಬಂಡೆಗಳೂ ಅಲ್ಲಿವೆ. 1892ರಲ್ಲಿ ಈ ಕುಟ್ಟುಚಿತ್ರಗಳ ವಿವರ ಅಚ್ಚಾಯಿತು. ಆ ಕಾಲದಲ್ಲಿ ತೆಗೆದ ಕೆಲವು ಫೋಟೊಗಳ ಮೂಲಗಳು ಕಳೆದುಹೋದವು, ಇಲ್ಲವೇ ಮಾಸಿಹೋದವು. ಆಮೇಲೆ ಬಂದ ಹುಡುಕಾಟಗಾರರಿಗೆ ಜಾಗ ಗುರುತಿಸುವುದೇ ಕಷ್ಟವಾಯಿತು. ನಿಕೋಲ್ ಬೊಯಿವಿನ್ ಎಂಬ ಪುರಾತತ್ತ್ವಜ್ಞೆ ಮತ್ತೆ ಅದನ್ನು ದಾಖಲಿಸಿ ಪ್ರಕಟಿಸಿದ್ದು 2004ರಲ್ಲಿ. ಅಷ್ಟರಲ್ಲಿ ಕಲ್ಲು ಗಣಿಗಾರಿಕೆ ಬೆಟ್ಟದ ಬುಡಕ್ಕೆ ಬಂದಿತ್ತು. ಹಳೆಯ ಫೋಟೊಗಳು ಉಳಿದಿದ್ದರೆ ಯಾವ ಬಂಡೆ ಇತ್ತು, ಯಾವುದು ಒಡೆದುಹೋಯಿತು ಎಂದು ಒಂದೊಂದಾಗಿ ಲೆಕ್ಕ ಹಿಡಿಯಬಹುದಿತ್ತು.

ಬಳ್ಳಾರಿ ನಗರದಲ್ಲಿ ಈಗ ಫೂಟ್ ಅವರ ಹೆಸರಿನದೇ ಪುರಾತತ್ತ್ವ ಮ್ಯೂಸಿಯಂ ಇದೆ. ಮಕ್ಕಳನ್ನು ಕರೆದುಕೊಂಡು ಹೋದಾಗ ಕಲ್ಲಿನ ಕೊಡಲಿಗಳ ಜೊತೆಗೆ ಅಲ್ಲಿನ ಚಿತ್ರಗಳನ್ನೂ ನಿಂತು ನೋಡಿ. ಉತ್ಖನನದ ಫೋಟೊದಲ್ಲಿ ಕಪ್ಪು ಬಿಳಿ ಪಟ್ಟಿಯ ಅಳತೆಗೋಲು ಇರುವುದನ್ನು ಮಕ್ಕಳಿಗೆ ತೋರಿಸಿ. ನಮ್ಮ ಸಿರುಗುಪ್ಪ ತಾಲ್ಲೂಕಿನ ತೆಕ್ಕಲಕೋಟೆಯ ಬೆಟ್ಟದಲ್ಲಿ ಎಂ.ಎಸ್. ನಾಗರಾಜರಾವ್ ಅವರು 1963–64ರಲ್ಲಿ ಉತ್ಖನನ ಮಾಡಿದರು. ಅಲ್ಲಿ ಸಾವಿರಾರು ವರ್ಷಗಳ ಹಿಂದೆ ಬಾಳಿದವರ ಮನೆ, ಸಮಾಧಿಗಳ ಜ್ಞಾನ ನಮಗೆ ದಕ್ಕಿದ್ದು ಇಂಥ ಶಿಸ್ತಿನ ದಾಖಲೆಗಳಿಂದಲೇ.

ಬೀದಿಯ ಚಿತ್ರ, ಹೆಸರಿಲ್ಲದ ಮುಖ

ಕ್ಯಾಮೆರಾ ಕೈಗೆ ನಿಲುಕುವಷ್ಟು ಚಿಕ್ಕದಾಗಿ, ಕ್ಷಣದ ನೂರನೇ ಭಾಗವನ್ನೂ ಹಿಡಿಯಬಲ್ಲದಾದ ಮೇಲೆ ಬೀದಿ ತುಂಬಿಕೊಂಡಿತು. ಸಂತೆಯಲ್ಲಿ ಚೌಕಾಶಿ ಮಾಡುವವಳು, ಬಸ್ಸಿನ ಕಿಟಕಿಯಿಂದ ಟವೆಲ್ ಹಾಕಿ ಸೀಟು ಹಿಡಿಯುವವನು, ಮಳೆಗೆ ಓಡುವ ಶಾಲೆಯ ಮಕ್ಕಳು ಚಿತ್ರಕ್ಕೆ ಬಂದರು. ಮೈಸೂರಿನ ಟಿ.ಎಸ್. ಸತ್ಯನ್ ಈ ಬಗೆಯಲ್ಲಿ ನಮ್ಮವರಲ್ಲೇ ಹಿರಿಯರು. 1923ರಲ್ಲಿ ಹುಟ್ಟಿ 2009ರಲ್ಲಿ ತೀರಿಕೊಂಡ ಅವರು ಪತ್ರಿಕಾ ಛಾಯಾಗ್ರಹಣವನ್ನು ಗೌರವದ ವೃತ್ತಿಯಾಗಿ ಮಾಡಿದರು. ಅವರು ತೆಗೆದ ಮಕ್ಕಳ ಚಿತ್ರಗಳ ಪ್ರದರ್ಶನವನ್ನು 1979ರ ಅಂತರರಾಷ್ಟ್ರೀಯ ಮಕ್ಕಳ ವರ್ಷದಲ್ಲಿ ಯುನಿಸೆಫ್ ನ್ಯೂಯಾರ್ಕಿನ ವಿಶ್ವಸಂಸ್ಥೆಯಲ್ಲಿ ಏರ್ಪಡಿಸಿತ್ತು. ಅವರ ಚಿತ್ರದ ಬಡವರು ಕರುಣೆ ಬೇಡುವುದಿಲ್ಲ. ತಮ್ಮ ಕೆಲಸದಲ್ಲಿ, ಆಟದಲ್ಲಿ, ನಗುವಿನಲ್ಲಿ ಮುಳುಗಿರುತ್ತಾರೆ. ಹೂಪರನ ಚಿತ್ರವನ್ನೂ ಸತ್ಯನ್ ಚಿತ್ರವನ್ನೂ ಪಕ್ಕದಲ್ಲಿಟ್ಟರೆ ಕ್ಯಾಮೆರಾದ ಹಿಂದಿನ ಮನಸ್ಸು ಎಂದರೇನೆಂದು ಯಾರೂ ವಿವರಿಸಬೇಕಾಗುವುದಿಲ್ಲ.

ಆದರೂ ಬೀದಿ ಛಾಯಾಗ್ರಹಣಕ್ಕೆ ಒಂದು ಸಾಲ ಅಂಟಿಕೊಂಡಿದೆ. ದಾರಿಹೋಕರ ಮುಖವನ್ನು ಕೇಳದೆ ಪಡೆದು ಅದು ಕಲೆಯಾಗುತ್ತದೆ. ಅಮೆರಿಕದ ಡೊರೊಥಿಯಾ ಲ್ಯಾಂಗ್ 1936ರಲ್ಲಿ ಕ್ಯಾಲಿಫೋರ್ನಿಯಾದ ಕೂಲಿಕಾರರ ಬಿಡಾರದಲ್ಲಿ ಮಕ್ಕಳೊಡನೆ ಕೂತಿದ್ದ ತಾಯಿಯ ಚಿತ್ರ ತೆಗೆದರು. ‘ಮೈಗ್ರಂಟ್ ಮದರ್’ ಎಂದು ಅದು ಜಗತ್ಪ್ರಸಿದ್ಧವಾಯಿತು. ಆ ತಾಯಿ ಫ್ಲಾರೆನ್ಸ್ ಥಾಂಪ್ಸನ್ ಎಂದು ಲೋಕಕ್ಕೆ ತಿಳಿದದ್ದು 1978ರಲ್ಲಿ. ಆ ಚಿತ್ರದಿಂದ ತನಗೆ ಬಿಡಿಗಾಸೂ ಸಿಗಲಿಲ್ಲವೆಂದು ಆಕೆ ನೊಂದುಕೊಂಡರು. ನಲವತ್ತು ವರ್ಷ ಆ ಮುಖವನ್ನು ಗೋಡೆಗೆ ಹಾಕಿದ ಯಾವ ಮ್ಯೂಸಿಯಂಗೂ ಹೆಸರಿಲ್ಲದ್ದು ಕೊರತೆ ಎನಿಸಲಿಲ್ಲ.

ನಮ್ಮಲ್ಲೂ ಇದೇ ನಡೆದಿದೆ. ‘ಉತ್ತರ ಕರ್ನಾಟಕದ ರೈತ’, ‘ಲಂಬಾಣಿ ಮಹಿಳೆ’, ‘ಹಂಪಿಯ ವೃದ್ಧ’ ಎಂಬ ಶೀರ್ಷಿಕೆಗಳನ್ನು ಎಷ್ಟು ಪ್ರದರ್ಶನಗಳಲ್ಲಿ ನೋಡಿಲ್ಲ! ಚಿತ್ರ ತೆಗೆದವರ ಹೆಸರು ದಪ್ಪ ಅಕ್ಷರದಲ್ಲಿರುತ್ತದೆ, ಬಳಸಿದ ಕ್ಯಾಮೆರಾದ ಮಾದರಿಯೂ ಇರುತ್ತದೆ. ಚಿತ್ರವಾದ ತಾಯಿಯ ಹೆಸರು ಮಾತ್ರ ಇರುವುದಿಲ್ಲ. ಹೆಸರು ಕೇಳುವಷ್ಟು ಹೊತ್ತು ನಿಲ್ಲದವರು ಆ ಬದುಕನ್ನು ಅರಿತು ತೆಗೆದರೆಂದು ಹೇಗೆ ನಂಬುವುದು? ಹೊಸದಾಗಿ ಬೀದಿ ಚಿತ್ರ ತೆಗೆಯುವ ನಮ್ಮ ಕಾಲೇಜು ಹುಡುಗ ಹುಡುಗಿಯರಿಗೆ ನನ್ನ ಒಂದೇ ಮನವಿ: ಕ್ಲಿಕ್ ಮಾಡಿದ ಮೇಲೆ ಸಾಧ್ಯವಿದ್ದಲ್ಲೆಲ್ಲ ಹತ್ತಿರ ಹೋಗಿ ಮಾತಾಡಿಸಿ, ಹೆಸರು ಊರು ಬರೆದುಕೊಳ್ಳಿ, ಒಂದು ಪ್ರತಿ ಅವರಿಗೆ ಮುಟ್ಟಿಸಿ. ಬೇಡ ಎಂದವರ ಚಿತ್ರ ಅಳಿಸಿಬಿಡಿ.

ಬೀದಿ ಚಿತ್ರದಲ್ಲಿ ಇನ್ನೊಂದನ್ನೂ ಪರೀಕ್ಷಿಸಬೇಕು. ಕಂಡದ್ದನ್ನು ಕಂಡಂತೆ ಹಿಡಿದೆ ಎಂಬ ಮಾತಿಗೆ ಚಿತ್ರ ಬದ್ಧವಾಗಿದೆಯೇ? 2016ರಲ್ಲಿ ಇಟಲಿಯ ಪ್ರದರ್ಶನವೊಂದಕ್ಕೆ ಹೋದ ನೋಡುಗನೊಬ್ಬ ಛಾಯಾಗ್ರಾಹಕ ಸ್ಟೀವ್ ಮೆಕರಿಯ ಕ್ಯೂಬಾದ ಬೀದಿ ಚಿತ್ರದ ಮುಂದೆ ನಿಂತು ದಿಟ್ಟಿಸಿದ. ದಾರಿಹೋಕನೊಬ್ಬನ ಕಾಲಿನ ಬಳಿ ಕಂಬದ ತುಂಡೊಂದು ಅಸಂಬದ್ಧವಾಗಿ ಅಂಟಿತ್ತು, ಕಂಪ್ಯೂಟರಿನಲ್ಲಿ ತಿದ್ದಿದ ಗುರುತು ಅದು. ಆ ಒಂದು ಚಿತ್ರದಿಂದ ಶುರುವಾದ ಚರ್ಚೆ ಜಗತ್ತಿನ ಅತಿ ಹೆಸರುವಾಸಿ ಛಾಯಾಗ್ರಾಹಕರೊಬ್ಬರ ಇತರ ಚಿತ್ರಗಳವರೆಗೂ ಹರಡಿತು. ಕಂಡುಹಿಡಿದದ್ದು ಮ್ಯೂಸಿಯಂನ ಪಂಡಿತರಲ್ಲ, ಪ್ರದರ್ಶನಕ್ಕೆ ಹೋದ ಒಬ್ಬ ನೋಡುಗ. ನಿಧಾನವಾಗಿ ನೋಡುವ ಕಣ್ಣಿಗೆ ಇಷ್ಟು ಅಧಿಕಾರವಿದೆ.

ಜೋಡಣೆಯೂ ಒಂದು ಮಾತು

ಬಿಡಿ ಚಿತ್ರ ಎಷ್ಟೇ ಚೆನ್ನಾಗಿದ್ದರೂ ಪ್ರದರ್ಶನ ಸೋಲಬಹುದು. ಯಾವ ಚಿತ್ರದ ಪಕ್ಕ ಯಾವುದು ಬರುತ್ತದೆ ಎಂಬುದೇ ಪ್ರದರ್ಶನದ ವಾದ. 1955ರಲ್ಲಿ ನ್ಯೂಯಾರ್ಕಿನಲ್ಲಿ ಎಡ್ವರ್ಡ್ ಸ್ಟೈಕನ್ ರೂಪಿಸಿದ ‘ಫ್ಯಾಮಿಲಿ ಆಫ್ ಮ್ಯಾನ್’ ಪ್ರದರ್ಶನದಲ್ಲಿ 68 ದೇಶಗಳ 503 ಚಿತ್ರಗಳಿದ್ದವು. ಹುಟ್ಟು, ಮದುವೆ, ದುಡಿಮೆ, ಸಾವು ಎಲ್ಲರಿಗೂ ಒಂದೇ ಎಂದು ಅದು ಸಾರಿತು. ಲಕ್ಷಾಂತರ ಜನ ಮೆಚ್ಚಿದರು. ಎಲ್ಲರನ್ನೂ ಒಂದೇ ಕುಟುಂಬವೆಂದು ತೋರಿಸುವ ಭರದಲ್ಲಿ ಯಾರು ಯಾಕೆ ಬಡವರಾದರು ಎಂಬುದು ಮರೆಯಾಯಿತೆಂಬ ಟೀಕೆಯೂ ಬಂತು. ಎರಡೂ ನಿಜ. ಜೋಡಣೆ ಹೃದಯ ತಟ್ಟಬಲ್ಲದು, ಚರಿತ್ರೆಯನ್ನು ಮರೆಸಲೂಬಲ್ಲದು.

ನಮ್ಮ ಕಡೆ ಹೆಚ್ಚು ಬಳಕೆಯಲ್ಲಿರುವುದು ಅಂದು–ಇಂದು ಜೋಡಣೆ. ಗ್ರೀನ್‌ಲಾನ ನೆಗೆಟಿವ್‌ಗಳು 1980ರಲ್ಲಿ ಇಂಗ್ಲೆಂಡಿನಲ್ಲಿ ಮತ್ತೆ ಬೆಳಕಿಗೆ ಬಂದವು. 1983ರಲ್ಲಿ ಆಸ್ಟ್ರೇಲಿಯಾದ ಛಾಯಾಗ್ರಾಹಕ ಜಾನ್ ಗಾಲಿಂಗ್ಸ್ ಗ್ರೀನ್‌ಲಾ ಕ್ಯಾಮೆರಾ ಇಟ್ಟ ಜಾಗಗಳನ್ನೇ ಹುಡುಕಿ, ಅದೇ ಕೋನದಿಂದ ಹಂಪಿಯನ್ನು ಮತ್ತೆ ಚಿತ್ರಿಸಿದರು. ಜೋಡಿ ಚಿತ್ರಗಳನ್ನು ನೋಡುತ್ತಿದ್ದರೆ ಯಾವ ಕಂಬ ಬಿತ್ತು, ಯಾವುದನ್ನು ಪುರಾತತ್ತ್ವ ಇಲಾಖೆ ಎತ್ತಿ ನಿಲ್ಲಿಸಿತು, ಎಲ್ಲಿ ಗಿಡಗಂಟಿ ತೆಗೆಯಿತು ಎಂಬುದೆಲ್ಲ ಒಂದೊಂದಾಗಿ ತಿಳಿಯುತ್ತದೆ. 1972ರಲ್ಲಿ ಕಮಲಾಪುರದಲ್ಲಿ ತೆರೆದ ಪುರಾತತ್ತ್ವ ಮ್ಯೂಸಿಯಂನಲ್ಲಿ ಹಂಪಿಯ ನೆಲದ ಮಾದರಿಯಿದೆ. ಮೊದಲು ಅದನ್ನು ನೋಡಿ, ಆಮೇಲೆ ಬಯಲಿಗೆ ಹೋದರೆ ಹಳೆಯ ಚಿತ್ರಗಳ ಜಾಗ ಗುರುತಿಸುವುದು ಸುಲಭ.

ಅಂದು–ಇಂದು ಜೋಡಣೆಗೆ ಒಂದು ಅಪಾಯವಿದೆ. ಎರಡು ಚಿತ್ರಗಳ ನಡುವೆ ನಡೆದದ್ದು ಬಿದ್ದುಹೋಗುತ್ತದೆ. ಹಂಪಿಯ ವಿರೂಪಾಕ್ಷ ಬಜಾರಿನ ಸಾಲುಮಂಟಪಗಳಲ್ಲಿ ಎಷ್ಟೋ ವರ್ಷ ಅಂಗಡಿಗಳಿದ್ದವು, ಸಂಸಾರಗಳಿದ್ದವು. 2011ರ ಜುಲೈನಲ್ಲಿ ಅವುಗಳನ್ನು ತೆರವು ಮಾಡಲಾಯಿತು. 1856ರ ಖಾಲಿ ಬಜಾರಿನ ಪಕ್ಕದಲ್ಲಿ ಇಂದಿನ ಖಾಲಿ ಬಜಾರನ್ನು ಇಟ್ಟರೆ ಏನೂ ಬದಲಾಗಿಲ್ಲ ಎನಿಸುತ್ತದೆ. ನಡುವಿನ ಚಹಾದಂಗಡಿ, ಬಳೆ ಅಂಗಡಿ, ಮಂಟಪದ ಕಂಬಕ್ಕೆ ಕಟ್ಟಿದ ತೊಟ್ಟಿಲು ಯಾವುದೂ ಇರಲೇ ಇಲ್ಲವೆಂಬಂತೆ ಆಗುತ್ತದೆ. ತೆರವು ಸರಿಯೋ ತಪ್ಪೋ ಎಂಬ ವಾದ ಬೇರೆ. ಆ ಜನ ಅಲ್ಲಿ ಬಾಳಿದ್ದು ಹಂಪಿಯ ಇತಿಹಾಸದ ಭಾಗ, ಮೂರನೆಯ ಚಿತ್ರವಾಗಿ ಅದು ಗೋಡೆಯ ಮೇಲಿರಬೇಕು. ಸ್ಮಾರಕದ ಚಿತ್ರವೂ ಬೀದಿಯ ಚಿತ್ರವೂ ಒಂದೇ ಗೋಡೆಗೆ ಬಂದಾಗ ಪ್ರದರ್ಶನ ಪೂರ್ಣವಾಗುತ್ತದೆ.

ನೋಡುವ ಕ್ರಮ

ಬೆಂಗಳೂರಿಗೆ ಹೋದವರು ಕಸ್ತೂರ್ಬಾ ರಸ್ತೆಯ ಕಲೆ ಮತ್ತು ಛಾಯಾಗ್ರಹಣ ಮ್ಯೂಸಿಯಂಗೆ ಒಮ್ಮೆ ಹೋಗಿ ಬನ್ನಿ. ‘ಮ್ಯಾಪ್’ ಎಂದು ಕರೆಯುವ ಇದು 2023ರ ಫೆಬ್ರುವರಿಯಲ್ಲಿ ತೆರೆಯಿತು. ಆರಂಭದ ಪ್ರದರ್ಶನಗಳಲ್ಲಿ ಜ್ಯೋತಿ ಭಟ್ ಅವರ ಛಾಯಾಚಿತ್ರಗಳದೂ ಒಂದು. ಹಳ್ಳಿಗಳ ಮಣ್ಣಿನ ಗೋಡೆ, ರಂಗೋಲಿ, ಅವನ್ನು ಬರೆದ ಹೆಣ್ಣುಮಕ್ಕಳನ್ನು ದಶಕಗಳ ಕಾಲ ದಾಖಲಿಸಿದ ಹಿರಿಯ ಕಲಾವಿದರು ಅವರು. ಸ್ಮಾರಕವಷ್ಟೇ ಇತಿಹಾಸವಲ್ಲ, ಅಂಗಳದ ರಂಗೋಲಿಯೂ ಇತಿಹಾಸ ಎಂಬುದಕ್ಕೆ ಅವರ ಚಿತ್ರಗಳೇ ಸಾಕು.

ಪ್ರದರ್ಶನ ಯಾವುದೇ ಇರಲಿ, ಮೊದಲ ಸುತ್ತು ಏನನ್ನೂ ಓದದೆ ಬೇಗ ಮುಗಿಸಿ. ಕಣ್ಣು ಎಲ್ಲಿ ನಿಂತಿತೋ ಆ ನಾಲ್ಕೈದು ಚಿತ್ರಗಳಿಗೆ ಮರಳಿ ಬನ್ನಿ. ಫಲಕ ಓದುವ ಮೊದಲು ಚಿತ್ರವನ್ನು ಮೂಲೆಯಿಂದ ಮೂಲೆಗೆ ನೋಡಿ: ನೆರಳು ಯಾವ ಕಡೆ ಬಿದ್ದಿದೆ, ಹಿನ್ನೆಲೆಯ ಬೋರ್ಡಿನಲ್ಲಿ ಏನು ಬರೆದಿದೆ, ಕಾಲಲ್ಲಿ ಚಪ್ಪಲಿ ಇದೆಯೇ, ಯಾರು ಕ್ಯಾಮೆರಾ ನೋಡುತ್ತಿದ್ದಾರೆ, ಯಾರು ಮುಖ ತಿರುಗಿಸಿದ್ದಾರೆ. ಆಮೇಲೆ ಫಲಕ ಓದಿ. ತೆಗೆದವರು, ವರ್ಷ, ಊರು, ಮೂಲವೋ ಮರುಮುದ್ರಣವೋ, ಯಾರ ಸಂಗ್ರಹದಿಂದ ಬಂತು, ಚಿತ್ರದಲ್ಲಿರುವವರು ಯಾರು ಎಂಬ ಆರು ಸಂಗತಿಗಳನ್ನು ಹುಡುಕಿ. ಫಲಕವಿಲ್ಲದ ಚಿತ್ರ ಪಹಣಿಯಿಲ್ಲದ ಹೊಲದಂತೆ, ಯಾರು ಬೇಕಾದರೂ ತಮ್ಮದೆಂದು ಏನು ಬೇಕಾದರೂ ಹೇಳಿಕೊಳ್ಳಬಹುದು. ಇಷ್ಟು ವಿವರ ತಿಳಿಯಲಿಲ್ಲವೆಂದರೆ ‘ತಿಳಿದಿಲ್ಲ’ ಎಂದಾದರೂ ಬರೆದಿರಬೇಕು. ಹಾಗೆ ಬರೆಯುವ ಮ್ಯೂಸಿಯಂ ನಂಬಿಕೆಗೆ ಅರ್ಹ.

ಫಲಕದಲ್ಲಿ ಕನ್ನಡವಿದೆಯೇ ಎಂದೂ ನೋಡಿ. ಬಳ್ಳಾರಿಯ ಬರದ ಚಿತ್ರ, ಹಂಪಿಯ ಬಜಾರಿನ ಚಿತ್ರ ಕರ್ನಾಟಕದ ನೆಲದಲ್ಲಿ ಇಂಗ್ಲಿಷಿನಲ್ಲಿ ಮಾತ್ರ ಮಾತಾಡಿದರೆ ಆ ಪ್ರದರ್ಶನ ಯಾರ ಮಕ್ಕಳಿಗಾಗಿ? ಕನ್ನಡ ಇದ್ದರೂ ಕಾಲಿನ ಮಟ್ಟದಲ್ಲಿ, ಇರುವೆ ಅಕ್ಷರದಲ್ಲಿ ಇದ್ದರೆ ಉಪಯೋಗವಿಲ್ಲ. ಹೊರಡುವಾಗ ಅಭಿಪ್ರಾಯ ಪುಸ್ತಕದಲ್ಲಿ ‘ತುಂಬಾ ಚೆನ್ನಾಗಿದೆ’ ಎಂದಷ್ಟೇ ಬರೆಯಬೇಡಿ. ಯಾವ ಚಿತ್ರದ ಯಾವ ವಿವರ ಬಿಟ್ಟುಹೋಗಿದೆ ಎಂದು ಬರೆಯಿರಿ.

ನಮ್ಮ ಊರಿನ ಗೋಡೆ

ಒಳ್ಳೆಯ ಪ್ರದರ್ಶನಕ್ಕೆ ರಾಜಧಾನಿಗೇ ಹೋಗಬೇಕೆಂದಿಲ್ಲ. ಸಿರುಗುಪ್ಪ ಸೀಮೆ ಎಪ್ಪತ್ತು ವರ್ಷಗಳಲ್ಲಿ ಗುರುತು ಸಿಗದಷ್ಟು ಬದಲಾಗಿದೆ. 1953ರಲ್ಲಿ ತುಂಗಭದ್ರಾ ಅಣೆಕಟ್ಟಿನ ನೀರು ಹರಿಯಿತು, ಜೋಳ ಹತ್ತಿಯ ಎರೆ ಹೊಲಗಳು ಭತ್ತದ ಗದ್ದೆಗಳಾದವು, ಊರೂರಿಗೆ ಅಕ್ಕಿ ಗಿರಣಿ ಬಂತು. ಅದೇ ವರ್ಷದ ಅಕ್ಟೋಬರ್ 1ರಂದು ಬಳ್ಳಾರಿ ಮೈಸೂರು ರಾಜ್ಯ ಸೇರಿತು. ತಾಲ್ಲೂಕಿನ ದೇಶನೂರಿಗೆ ಸಕ್ಕರೆ ಕಾರ್ಖಾನೆ ಬಂತು. 2009ರ ನೆರೆ ತಾಲ್ಲೂಕಿನ ಹಳ್ಳಿಗಳಿಗೆ ನುಗ್ಗಿತು. ಇದೆಲ್ಲದರ ಫೋಟೊಗಳು ಎಲ್ಲಿವೆ? ಮ್ಯೂಸಿಯಂನಲ್ಲಿ ಇಲ್ಲ. ನಮ್ಮ ಪಡಸಾಲೆಯ ಗೋಡೆಯ ಮೇಲೆ ಗೆದ್ದಲು ಹಿಡಿಯುತ್ತಿವೆ, ಟ್ರಂಕಿನೊಳಗೆ ಒಂದಕ್ಕೊಂದು ಅಂಟಿಕೊಂಡಿವೆ, ಮುಚ್ಚಿದ ಸ್ಟುಡಿಯೋಗಳ ಅಟ್ಟದಲ್ಲಿ ನೆಗೆಟಿವ್‌ಗಳಾಗಿ ಬಿದ್ದಿವೆ.

ಅವುಗಳೇ ನಮ್ಮ ಸೀಮೆಯ ಚರಿತ್ರೆಯ, ಬೀದಿ ಬದುಕಿನ ಚಿತ್ರಗಳು. ಜಾತ್ರೆಯ ತೇರಿನ ಮುಂದೆ ನಿಂತ ಗುಂಪು, ಕುರುಗೋಡಿನ ದೊಡ್ಡಬಸಪ್ಪನ ಗುಡಿಗೆ ಎತ್ತಿನ ಬಂಡಿ ಕಟ್ಟಿಕೊಂಡು ಹೋದ ಸಂಸಾರ, ಹೊಸ ಟ್ರ್ಯಾಕ್ಟರಿಗೆ ಹೂಮಾಲೆ ಹಾಕಿ ತೆಗೆಸಿದ ಚಿತ್ರ, ಏಳನೇ ತರಗತಿಯ ಗ್ರೂಪ್ ಫೋಟೊ. ಇವುಗಳಲ್ಲಿ ನಿಂತವರ ಹೆಸರು ಇಂದು ಹೇಳಬಲ್ಲ ಅಜ್ಜ ಅಜ್ಜಿಯರು ಇನ್ನೂ ನಮ್ಮ ನಡುವೆ ಇದ್ದಾರೆ. ಅವರು ಹೋದ ಮರುದಿನ ಆ ಮುಖಗಳೆಲ್ಲ ‘ಬಳ್ಳಾರಿ ಜಿಲ್ಲೆಯ ಗ್ರಾಮಸ್ಥರು’ ಆಗಿಬಿಡುತ್ತವೆ.

ಈ ವಾರವೇ ಮನೆಯ ಹಳೆಯ ಫೋಟೊಗಳನ್ನು ಹೊರತೆಗೆಯಿರಿ. ಹಿರಿಯರ ಪಕ್ಕದಲ್ಲಿ ಕೂತು ಪ್ರತಿಯೊಂದರ ಹಿಂಬದಿಗೆ ಮೆತ್ತನೆ ಪೆನ್ಸಿಲ್ಲಿನಿಂದ ಹೆಸರು, ಊರು, ವರ್ಷ ಬರೆಯಿರಿ. ಪೆನ್ನು ಬೇಡ, ಮಸಿ ಮುಂಬದಿಗೆ ಇಳಿಯುತ್ತದೆ. ಅಂಟು ಟೇಪು, ಲ್ಯಾಮಿನೇಷನ್ ಬೇಡ. ಬಿಸಿಲು, ತೇವ ಎರಡೂ ತಾಗದ ಜಾಗದಲ್ಲಿಡಿ. ಮೊಬೈಲಿನಲ್ಲಿ ಪ್ರತಿ ತೆಗೆದಿಟ್ಟುಕೊಳ್ಳಿ, ಹಿಂಬದಿಯ ಬರಹದ ಪ್ರತಿಯನ್ನೂ ತೆಗೆಯಿರಿ. ಶಾಲೆಯ ಮೇಷ್ಟ್ರು, ಟೀಚರುಗಳು, ಗ್ರಾಮ ಪಂಚಾಯಿತಿಯ ಗ್ರಂಥಾಲಯದವರು ಮನಸ್ಸು ಮಾಡಿದರೆ ನವೆಂಬರ್ ಒಂದಕ್ಕೋ ಊರ ಜಾತ್ರೆಗೋ ನೂರು ಚಿತ್ರಗಳ ಪ್ರದರ್ಶನ ನಡೆಸಬಹುದು. ಮೂಲಗಳನ್ನು ಮನೆಯಲ್ಲೇ ಇಟ್ಟು, ಪ್ರತಿಗಳನ್ನು ಗೋಡೆಗೆ ಹಾಕಿ. ಒಂದೇ ಒಂದು ನಿಯಮ ಬಿಡಬೇಡಿ: ಹೆಸರಿಲ್ಲದ ಮುಖ ಗೋಡೆಗೆ ಹೋಗುವ ಮೊದಲು ಅದರ ಹೆಸರನ್ನು ಊರೆಲ್ಲ ಕೇಳಿ ಹುಡುಕಬೇಕು. ದೇಶನೂರಿನ ಶಾಲೆಯ ಗೋಡೆಯ ಮೇಲೆ ಅಂಥದೊಂದು ಪ್ರದರ್ಶನ ನಡೆದರೆ, ಅದು ಯಾವ ಮಹಾನಗರದ ಮ್ಯೂಸಿಯಂಗೂ ಕಡಿಮೆಯಾಗುವುದಿಲ್ಲ.